ಷಡ್ಡಕನ ತಪ್ಪು

ಮಾವ ದೊಡ್ಡಳಿಯನಿಗೆ ‘ನೀವು’ ಎನ್ನುತ್ತಿದ್ದರು, ಸಣ್ಣಳಿಯನಿಗೆ ‘ನೀನು’. ನೋಡುವವರಿಗೆ ಇದು ಹಿರಿಯ ಅಳಿಯನಿಗೆ ಸಲ್ಲುವ ಮರ್ಯಾದೆ. ದೊಡ್ಡಳಿಯನಿಗೆ ಮಾತ್ರ ಒಳಗೆ ಕರೆಯದೆ ಹೊಸ್ತಿಲಲ್ಲೇ ಕುರ್ಚಿ ಹಾಕಿ ಕೂರಿಸಿದ ಹಾಗೆ ಅನ್ನಿಸುತ್ತಿತ್ತು.

ಹೊಳೆ ಸಮುದ್ರಕ್ಕೆ ಸೇರುವ ಕಡೆ, ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವ ಬೋಟು ಮಾವನದು. ಕಾರ್ಖಾನೆಗೆ ಹೋಗುವವರು, ಶಾಲೆಯ ಟೀಚರುಗಳು, ತರಕಾರಿ ಬುಟ್ಟಿಯವರು, ಸೈಕಲ್ಲಿನವರು, ಎಲ್ಲರಿಗೂ ಅದೇ ದಾರಿ. ಮದುವೆಯಾದ ಹೊಸದರಲ್ಲಿ ದೊಡ್ಡಳಿಯನಿಗೆ ಸ್ಪ್ಯಾನರನ್ನು ಯಾವ ಕಡೆ ಹಿಡಿಯಬೇಕೆಂದೂ ಗೊತ್ತಿರಲಿಲ್ಲ. ಮಾವನ ಪಕ್ಕದಲ್ಲಿ ಕೂತು, ಅವರ ಕೈ ನೋಡಿ ನೋಡಿ ಕಲಿತ. ಬೈಗುಳವೂ ಇಲ್ಲ, ಶಭಾಸ್ ಎಂಬ ಮಾತೂ ಇಲ್ಲ. ಈಗ ಇಂಜಿನ್ ಸ್ವಲ್ಪ ಕೆಮ್ಮಿದರೆ ಸಾಕು, ರೋಗ ಎಲ್ಲಿದೆಯೆಂದು ಮೇಲೆ ನಿಂತೇ ಹೇಳಬಲ್ಲ.

ಮಂಡಿನೋವು ಜೋರಾಗಿ ಮಾವ ಬೋಟು ಓಡಿಸುವುದನ್ನು ಬಿಟ್ಟಾಗ, ಚುಕ್ಕಾಣಿ ತನಗೇ ಬರುತ್ತದೆಂದು ದೊಡ್ಡಳಿಯ ಬಾಯಿಬಿಟ್ಟು ಹೇಳದೆ ಕಾದಿದ್ದ. ಆ ಹೊತ್ತಿಗೆ ಎರಡನೆಯ ಮಗಳ ಮದುವೆಯಾಯಿತು. ಹೊಸ ಅಳಿಯ ಬೇಕರಿಯ ವ್ಯಾನ್ ಓಡಿಸುತ್ತಿದ್ದವನು. ಸದಾ ಸೀಟಿ ಹೊಡೆಯುತ್ತಿದ್ದ, ಕಂಡವರನ್ನೆಲ್ಲ ಮಾತಾಡಿಸುತ್ತಿದ್ದ, ಬುಟ್ಟಿ ಹೊತ್ತ ಅಜ್ಜಿಯರನ್ನು ಕೈಹಿಡಿದು ಹತ್ತಿಸುತ್ತಿದ್ದ. ಮಾವ ಅವನನ್ನು ಚುಕ್ಕಾಣಿಗೆ ನಿಲ್ಲಿಸಿದರು.

“ನೀವು ಕೆಳಗೆ ಇಂಜಿನ್ ನೋಡ್ಕೊಳ್ಳಿ. ಅದು ನಿಮ್ಮ ಕೈಗೆ ಒಗ್ಗಿದೆ. ಇವನು ಮೇಲೆ ಇರ್ಲಿ,” ಎಂದರು.

ಮಾತು ಸರಿಯಾಗಿಯೇ ಇತ್ತು. ಆದರೆ ‘ಕೆಳಗೆ’ ಎಂಬ ಪದವೂ ‘ಮೇಲೆ’ ಎಂಬ ಪದವೂ ದೊಡ್ಡಳಿಯನ ಎದೆಯಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡವು. ಅಂದಿನಿಂದ ಷಡ್ಡಕನ ಸೀಟಿ ಕೇಳಿದರೆ ಅವನ ಹಲ್ಲು ತಾನಾಗಿಯೇ ಕಡಿಯುತ್ತಿತ್ತು. ಸಣ್ಣಳಿಯ ಒಂದು ದಿನವಾದರೂ ಎದುರಾಡಿದ್ದರೆ, ಸೊಕ್ಕು ತೋರಿಸಿದ್ದರೆ, ದ್ವೇಷಿಸಲು ಒಂದು ಕಾರಣವಾದರೂ ಸಿಗುತ್ತಿತ್ತು. ಅದನ್ನೂ ಅವನು ಕೊಡಲಿಲ್ಲ. ಬಾಯ್ತುಂಬ “ಅಣ್ಣಾ” ಎನ್ನುತ್ತಿದ್ದ. ಬೇಕರಿಯ ಹಳೆಯ ಗೆಳೆಯರು ಕೊಟ್ಟ ಬನ್ನಿನಲ್ಲಿ ದೊಡ್ಡ ಅರ್ಧ ಅಣ್ಣನಿಗೆ ಎತ್ತಿಡುತ್ತಿದ್ದ. ಆ ಬನ್ನು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಬೋಟು ನಿಂತದ್ದು ಒಂದು ಸೋಮವಾರ ಬೆಳಗಿನ ಟ್ರಿಪ್ಪಿನಲ್ಲಿ. ಆವತ್ತು ದೊಡ್ಡಳಿಯ ಕತ್ತಲಿರುವಾಗಲೇ ಎದ್ದು, ಬಂದರಿನ ಆ ತುದಿಯ ವರ್ಕ್‌ಶಾಪಿನಿಂದ ಪಂಪಿನ ಒಂದು ಭಾಗ ತರಲು ಹೋಗಿದ್ದ. ಅವನು ಜೆಟ್ಟಿಗೆ ಬಂದಾಗ ಬೋಟು ತುಂಬಿತ್ತು. ಸಣ್ಣಳಿಯ ಆಗಲೇ ಚುಕ್ಕಾಣಿಯಲ್ಲಿದ್ದ. ಮಾವ ಎಂದಿನಂತೆ ಟಿಕೆಟ್ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಬಿಸಿಲು ಕಾಯಿಸುತ್ತಿದ್ದರು.

“ಟ್ಯಾಂಕಿಗೆ ಡೀಸೆಲ್ ಹಾಕಿದ್ಯಾ?” ದೊಡ್ಡಳಿಯ ಕೇಳಿದ.

“ಆಗಿದೆ ಅಣ್ಣಾ, ಇಳೀರಿ,” ಎಂದ ಸಣ್ಣಳಿಯ.

ಅರ್ಧ ಹೊಳೆ ದಾಟುವ ಹೊತ್ತಿಗೆ ಇಂಜಿನ್ನಿನ ದನಿ ಬದಲಾಯಿತು. ಒಮ್ಮೆ ಏರಿ ಒಮ್ಮೆ ಇಳಿದು, ಉಬ್ಬಸದವರ ಹಾಗೆ ಎಳೆದೆಳೆದು ಉಸಿರಾಡಿತು. ಹೊಗೆಕೊಳವೆಯಿಂದ ಬಿಳಿ ಹೊಗೆ ಬಂತು. ಎರಡು ಸಲ ಗುದ್ದಿಕೊಂಡು ನಿಂತೇಹೋಯಿತು. ನಿಶ್ಶಬ್ದವಾದಾಗ ನೀರಿನ ಸೆಳೆತ ಬೋಟಿನ ಮಗ್ಗುಲಿಗೆ ಉಜ್ಜುವ ಸದ್ದು ಕೇಳಿಸಿತು. ಸ್ವಲ್ಪ ದೂರದಲ್ಲೇ ಹಡಗುಗಳು ಓಡಾಡುವ ದಾರಿಯ ಗುರುತಿಗೆ ಬಿಟ್ಟ ಕೆಂಪು ಬುರುಡೆಗಳು ತೇಲುತ್ತಿದ್ದವು. ಸೆಳೆತ ಬೋಟನ್ನು ಅತ್ತಲೇ ಒಯ್ಯುತ್ತಿತ್ತು.

“ಲಂಗರು ಬಿಡು!” ಎಂದು ದೊಡ್ಡಳಿಯ ಕೆಳಗಿನಿಂದ ಕೂಗಿದ. ಅಷ್ಟರಲ್ಲಿ ಸರಪಳಿ ಗಡಗಡನೆ ಇಳಿಯುವ ಸದ್ದು ಕೇಳಿತು. ಅದನ್ನೂ ಸಣ್ಣಳಿಯ ಹೇಳಿಸಿಕೊಳ್ಳುವ ಮೊದಲೇ ಮಾಡಿಬಿಟ್ಟಿದ್ದ.

ಫಿಲ್ಟರಿನ ಕೆಳಗೆ ಒಂದು ಗಾಜಿನ ಬಟ್ಟಲಿರುತ್ತದೆ. ಡೀಸೆಲ್ಲಿನಲ್ಲಿ ನೀರು ಬಂದರೆ ಅದು ಅಲ್ಲಿ ತಳಕ್ಕಿಳಿದು ಬೇರೆಯಾಗಿ ಕಾಣಬೇಕು. ದೊಡ್ಡಳಿಯ ಟಾರ್ಚ್ ಹಿಡಿದು ನೋಡಿದ. ಬಟ್ಟಲಿನಲ್ಲಿದ್ದದ್ದು ಡೀಸೆಲ್ಲೂ ಅಲ್ಲ, ನೀರೂ ಅಲ್ಲ, ಹಾಲು ಬೆರೆಸಿದಂತೆ ಬೆಳ್ಳಗೆ ಕಲಕಿಹೋದ ಏನೋ ಒಂದು. ಟ್ಯಾಂಕೇ ಕೆಟ್ಟಿದೆ ಎಂದು ಅರ್ಥವಾಯಿತು. ಅವನು ಟ್ಯಾಂಕಿನಿಂದ ಬರುವ ಪೈಪನ್ನು ಬಿಚ್ಚಿದ. ಹಿಂಬದಿಯಲ್ಲಿಟ್ಟಿದ್ದ ಬಿಳಿ ಕ್ಯಾನೊಂದರ ಮುಚ್ಚಳ ತೆಗೆದು ಮೂಸಿ, ಒಳ್ಳೆಯ ಡೀಸೆಲ್ಲೇ ಎಂದು ಖಾತ್ರಿ ಮಾಡಿಕೊಂಡು ಪೈಪನ್ನು ಅದರೊಳಗೆ ಇಳಿಬಿಟ್ಟ. ಫಿಲ್ಟರ್ ಬದಲಾಯಿಸಿ, ನಟ್ಟು ಸಡಿಲಿಸಿ, ಕೈಪಂಪು ಒತ್ತಿ ಒತ್ತಿ ಒಳಗೆ ಸೇರಿದ್ದ ಗಾಳಿಯನ್ನು ಹೊರಗೆ ತೆಗೆದ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಶುದ್ಧ ಡೀಸೆಲ್ಲಿನ ಧಾರೆ. ಮೊಣಕೈವರೆಗೆ ಎಣ್ಣೆ, ಕಣ್ಣಿಗೆ ಬೆವರು.

ಮೇಲಿನಿಂದ ನಗು ಕೇಳಿಸುತ್ತಿತ್ತು.

“ಏನಿಲ್ಲ ಅಜ್ಜಿ, ನೀವು ದಿನಾ ಕೇಳ್ತಿದ್ರಲ್ಲ, ಅದೇ ಟಿಕೆಟ್‌ನಲ್ಲಿ ಇನ್ನೊಂದು ಸ್ವಲ್ಪ ಸುತ್ತಾಡ್ಸಪ್ಪಾ ಅಂತ. ಈಗ ಸುತ್ತಾಡ್ತಾ ಇದ್ದೀವಿ. ಟೀಚರಮ್ಮ, ಮಕ್ಕಳಿಗೆ ಇವತ್ತು ಫಸ್ಟ್ ಪಿರಿಯಡ್ ಆಟ ಅಂತ ಫೋನ್ ಮಾಡಿಬಿಡಿ.”

ಇಂಜಿನ್ ಗುಡುಗಿಕೊಂಡು ಎದ್ದಾಗ ಮೇಲೆ ಚಪ್ಪಾಳೆ ಬಿತ್ತು; ಲಂಗರು ಎತ್ತಿ ಆ ದಡ ಮುಟ್ಟಿದಾಗ ಇನ್ನೊಮ್ಮೆ ಬಿತ್ತು. ದೊಡ್ಡಳಿಯ ಏಣಿಯಿಂದ ತಲೆ ಹೊರಗೆ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದದ್ದು ಚುಕ್ಕಾಣಿಯ ಕಡೆ ನೋಡಿಕೊಂಡು. ಒಬ್ಬ ಅಜ್ಜಿ ಸಣ್ಣಳಿಯನ ಕೆನ್ನೆ ಸವರಿದಳು. ಅವನು, “ಅಯ್ಯೋ, ನಂದೇನಿಲ್ಲ, ಕೆಳಗೆ ಅಣ್ಣ...” ಎಂದು ಬೆರಳು ತೋರಿಸಿದ. ಅಷ್ಟರಲ್ಲಿ ಜನ ಇಳಿಯುವ ಗಡಿಬಿಡಿಯಲ್ಲಿದ್ದರು. ಮಸಿ ಹಿಡಿದ ಆ ತಲೆಯನ್ನು ಒಬ್ಬ ಸೈಕಲ್ಲಿನವನು ಮಾತ್ರ ನೋಡಿ, “ಸ್ವಲ್ಪ ಸರೀರಿ” ಎಂದ.

ವಾಪಸು ಬಂದಾಗ ಮಾವ ಜೆಟ್ಟಿಯ ಅಂಚಿಗೆ ಬಂದು ನಿಂತಿದ್ದರು. ಸಣ್ಣಳಿಯನ ಭುಜ ತಡಕಿ, ಬೆನ್ನು ಸವರಿ, “ಹೆದರಿದ್ಯೇನೋ ಮಗಾ?” ಎಂದರು. ಆಮೇಲೆ ದೊಡ್ಡಳಿಯನ ಕಡೆ ತಿರುಗಿ, “ನೀವು ಕೆಳಗೆ ಇದ್ರಲ್ಲ, ಅದೇ ಧೈರ್ಯ,” ಎಂದರು. ಅಷ್ಟೇ. ದೊಡ್ಡಳಿಯನ ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಯಿತು.

ಮಧ್ಯಾಹ್ನದ ಟ್ರಿಪ್ಪುಗಳನ್ನು ನಿಲ್ಲಿಸಿ ಅವನು ಟ್ಯಾಂಕಿನ ಹಿಂದೆ ಬಿದ್ದ. ಯಾರ ತಪ್ಪೆಂದು ಹುಡುಕಬೇಕೆನ್ನುವ ಹಟ ಅವನಿಗೆ. ಯಾರ ತಪ್ಪಾಗಿರಬೇಕೆಂದು ಮನಸ್ಸು ಆಗಲೇ ತೀರ್ಮಾನಿಸಿತ್ತು. ಟ್ಯಾಂಕಿನ ತಳದಿಂದ ಒಂದಿಷ್ಟು ಎಳೆದು ಗಾಜಿನ ಬಾಟಲಿಗೆ ತುಂಬಿ, ಅಲುಗಾಡದಂತೆ ಕಿಟಕಿಯಲ್ಲಿಟ್ಟ. ತುಂಬ ಹೊತ್ತಿನ ಮೇಲೆ ಮೇಲ್ಗಡೆ ಡೀಸೆಲ್ಲು, ಕೆಳಗಡೆ ಬೂದು ಬಣ್ಣದ ನೀರು, ನಡುವೆ ನೊರೆಯ ಪಟ್ಟಿ ಕಾಣಿಸಿಕೊಂಡಿತು. ನೀರನ್ನು ಬೆರಳಿಗೆ ಸವರಿಕೊಂಡು ಉಜ್ಜಿದ. ಜಾರಿತು. ಮೂಸಿದ. ಸೋಪು!

ಮಳೆನೀರಾಗಿದ್ದರೆ ಜಾರುತ್ತಿರಲಿಲ್ಲ. ಹೊಳೆಯ ನೀರಾಗಿದ್ದರೆ ಉಪ್ಪಿನ ವಾಸನೆ ಬರುತ್ತಿತ್ತು. ಇದು ಇಂಜಿನ್ ಕೋಣೆಯ ನೆಲ ತೊಳೆದ ನೀರು. ಎಣ್ಣೆ ಬೆರೆತ ಆ ನೀರನ್ನು ಹೊಳೆಗೆ ಚೆಲ್ಲುವಂತಿಲ್ಲ; ಒಂದು ಕ್ಯಾನಿನಲ್ಲಿ ತುಂಬಿಟ್ಟು ಬಂದರಿನ ತ್ಯಾಜ್ಯದ ತೊಟ್ಟಿಗೆ ಒಯ್ದು ಸುರಿಯಬೇಕು. ಆ ಕ್ಯಾನೂ ಬಿಳಿ, ಡೀಸೆಲ್ಲಿನ ಕ್ಯಾನೂ ಬಿಳಿ. ಗೊತ್ತಾಗಲೆಂದು ದೊಡ್ಡಳಿಯನೇ ಹಿಂದೆ ಯಾವಾಗಲೋ ಕೊಳೆನೀರಿನ ಕ್ಯಾನಿಗೆ ಕಪ್ಪು ಬಣ್ಣದಲ್ಲಿ ಅಡ್ಡಗೀಟು ಎಳೆದಿದ್ದ. ಹೋಗಿ ನೋಡಿದರೆ ಅಡ್ಡಗೀಟಿನ ಕ್ಯಾನು ಖಾಲಿ.

ನೆಲ ತೊಳೆಯುವವನು ಸಣ್ಣಳಿಯ. ಬೆಳಿಗ್ಗೆ ಟ್ಯಾಂಕಿಗೆ ಡೀಸೆಲ್ ಹಾಕುವವನೂ ಸಣ್ಣಳಿಯ. ದೊಡ್ಡಳಿಯನಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು.

ಬಾಟಲಿ ಹಿಡಿದುಕೊಂಡು ಜೆಟ್ಟಿಗೆ ಬಂದ. ಸಣ್ಣಳಿಯ ಹಗ್ಗ ಸುತ್ತುತ್ತಿದ್ದ. ಟಿಕೆಟ್ ಕಿಟಕಿಯ ಹುಡುಗಿ, ಮಾವ, ಪಕ್ಕದ ಬೋಟಿನವರು, ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ ದೊಡ್ಡಳಿಯ ಹೇಳಿದ: “ನೋಡಿಲ್ಲಿ. ಸೋಪಿನ ನೀರು. ಟ್ಯಾಂಕ್ ತುಂಬ ಸೋಪಿನ ನೀರು! ಗೀಟು ಹಾಕಿ ಇಟ್ಟಿದ್ದೀನಿ, ಅದೂ ಕಾಣ್ಸಲ್ವಾ ನಿಂಗೆ? ಬಾಯಲ್ಲಿ ಸೀಟಿ ಇದ್ರೆ ಕಣ್ಣಿಗೆ ರಜಾನಾ?”

ಸಣ್ಣಳಿಯ ಬಾಟಲಿಯನ್ನು ನೋಡಿದ. ಬೋಟಿನ ಹಿಂಬದಿಯ ಕ್ಯಾನುಗಳನ್ನು ನೋಡಿದ. ಆಮೇಲೆ ಬೆಂಚಿನಲ್ಲಿ ಕೂತಿದ್ದ ಮಾವನ ಕಡೆ ಒಂದು ಕ್ಷಣ ನೋಡಿ, ಕೈಯಲ್ಲಿದ್ದ ಹಗ್ಗವನ್ನು ಮೆಲ್ಲಗೆ ಕೆಳಗಿಟ್ಟ.

“ನಂದೇ ತಪ್ಪು ಅಣ್ಣಾ. ಅವಸರದಲ್ಲಿ ನೋಡ್ಲಿಲ್ಲ,” ಎಂದ.

ಇಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾನೆಂದು ದೊಡ್ಡಳಿಯ ಅಂದುಕೊಂಡಿರಲಿಲ್ಲ. ಈಗ ಮಾವ ಬೈಯುತ್ತಾರೆ, ಚುಕ್ಕಾಣಿಯಿಂದ ಇಳಿಸುತ್ತಾರೆ ಎಂದು ಕಾದ. ಮಾವ ಕೋಲೂರಿಕೊಂಡು ಎದ್ದು ಬಂದರು.

“ಹೋಗ್ಲಿ ಬಿಡೋ. ಕೆಲಸ ಮಾಡೋನ ಕೈಲಿ ತಾನೆ ತಪ್ಪಾಗೋದು. ಯಾರಿಗೂ ಏನೂ ಆಗ್ಲಿಲ್ಲವಲ್ಲ,” ಎಂದರು. ನಂತರ ದೊಡ್ಡಳಿಯನಿಗೆ, “ನೀವೂ ಇಷ್ಟು ಜನರ ಮುಂದೆ ಅನ್ನಬಾರದಿತ್ತು,” ಎಂದರು.

ಅಪರಾಧಿಗೆ ಸಮಾಧಾನ, ಹಿಡಿದುಕೊಟ್ಟವನಿಗೆ ಬುದ್ಧಿಮಾತು. ಆವತ್ತು ದೊಡ್ಡಳಿಯ ಊಟಕ್ಕೆ ಮನೆಗೆ ಹೋಗಲಿಲ್ಲ.

ಟ್ಯಾಂಕ್ ಶುದ್ಧಮಾಡುವ ಕೆಲಸ ಷಡ್ಡಕರಿಬ್ಬರ ಮೇಲೇ ಬಿತ್ತು. ಕೆಟ್ಟ ಡೀಸೆಲ್ಲನ್ನೆಲ್ಲ ಪಂಪಿನಿಂದ ಡ್ರಮ್ಮುಗಳಿಗೆ ತುಂಬಿ ಬಂದರಿನ ತ್ಯಾಜ್ಯದವರಿಗೆ ಕೊಟ್ಟರು. ಟ್ಯಾಂಕಿನ ಮೇಲ್ಗಡೆ ಕೈ ಹಾಕಲು ಬಿಟ್ಟಿರುವ ಕಿಂಡಿಯ ತಗಡನ್ನು ಬಿಚ್ಚಿ, ಫ್ಯಾನ್ ಇಟ್ಟು ಒಳಗಿನ ಗಾಳಿ ಹೊರಗೆ ಹೋಗಲು ಬಿಟ್ಟರು. ಆಮೇಲೆ ಭುಜದವರೆಗೆ ಕೈ ಇಳಿಸಿ, ಎಳೆ ಬಿಡದ ಬಟ್ಟೆಯಿಂದ ಮೂಲೆಮೂಲೆ ಒರೆಸಬೇಕು. ತಳದಲ್ಲಿ ಕಪ್ಪು ಲೋಳೆ ಕೂತಿತ್ತು. ವಾಸನೆಗೆ ತಲೆ ಸುತ್ತುತ್ತಿತ್ತು. ಸಣ್ಣಳಿಯನ ಕೈ ಉದ್ದ. ಹಾಗಾಗಿ ದೂರದ ಮೂಲೆಗೆ ಅವನದೇ ಕೈ ಎಟುಕುತ್ತಿತ್ತು. ಅದನ್ನೂ ದೊಡ್ಡಳಿಯ ಗಮನಿಸಿ ಲೆಕ್ಕಕ್ಕೆ ಹಿಡಿದುಕೊಂಡ.

“ಅಣ್ಣಾ, ಬನ್ನು ತಿಂತೀರಾ?”

“ಈ ವಾಸನೆಯಲ್ಲಾ?”

“ವಾಸನೆ ಮೂಗಿಗೆ ತಾನೆ. ಹೊಟ್ಟೆಗೇನು ಗೊತ್ತಾಗುತ್ತೆ?”

ತಪ್ಪು ಮಾಡಿದವನು ಹೀಗೆ ಇರಬಾರದು ಎಂದು ದೊಡ್ಡಳಿಯನಿಗೆ ಅನ್ನಿಸಿತು. ಬಾಲ ಮುದುರಿಕೊಂಡಿರಬೇಕು, ಮುಖ ತಪ್ಪಿಸಬೇಕು. ಇವನು ಆರಾಮವಾಗಿದ್ದಾನೆ. ತಪ್ಪನ್ನು ಹಿಡಿದವನು ತಾನು, ನಿದ್ದೆಗೆಟ್ಟು ಕೂತವನೂ ತಾನೇ.

ಬೋಟು ಮತ್ತೆ ಓಡಲು ಶುರುವಾಗಿ ಕೆಲವು ದಿನ ಕಳೆದಿದ್ದವು. ಒಂದು ಸಂಜೆ ದೊಡ್ಡಳಿಯ ಮಾಳಿಗೆಯ ಮೇಲೆ ಹೆಂಡತಿಯ ಜೊತೆ ಒಣಗಿದ ಬಟ್ಟೆ ತೆಗೆಯುತ್ತಿದ್ದ. ಅದೇ ಕಟ್ಟಡದ ಕೆಳಗಿನ ಮನೆಯಲ್ಲಿ ಮಾವ, ಮೇಲಿನ ಎರಡು ಮನೆಗಳಲ್ಲಿ ಇಬ್ಬರು ಹೆಣ್ಣುಮಕ್ಕಳು. ಕೆಳಗಿನಿಂದ ಮಾವ ಮತ್ತು ಸಣ್ಣಳಿಯನ ನಗು ಒಟ್ಟಿಗೆ ಕೇಳಿಬಂತು.

“ಅಷ್ಟು ದೊಡ್ಡ ತಪ್ಪು ಮಾಡಿ ಹ್ಯಾಗೆ ನಗ್ತಾನೆ ನೋಡು,” ಎಂದ ದೊಡ್ಡಳಿಯ. “ನಾನಾಗಿದ್ರೆ ಒಂದು ತಿಂಗಳು ತಲೆ ಎತ್ತುತ್ತಿರ್ಲಿಲ್ಲ.”

“ನೀವು ತಪ್ಪು ಮಾಡದೇನೇ ತಲೆ ಎತ್ತಲ್ಲ ಬಿಡಿ,” ಎಂದಳು ಅವಳು. ಆಮೇಲೆ ದಿಂಬಿನ ಚೀಲ ಕೊಡವುತ್ತ ನಿಂತಳು. “ನಂಗೂ ಅದೇ ಆಶ್ಚರ್ಯ. ಸೋಮವಾರ ತಾನೆ ಅದು? ಆವತ್ತು ಅವನೆಲ್ಲಿ ಡೀಸೆಲ್ ಹಾಕಿದ? ಬೋಟು ಬಿಡೋವರೆಗೂ ನಮ್ಮ ಜೊತೆ ಆಸ್ಪತ್ರೇಲಿದ್ದನಲ್ಲ.”

“ಯಾವ ಆಸ್ಪತ್ರೆ?”

“ತಂಗಿಗೆ ಹೊಟ್ಟೆನೋವು ಬಂತು ಅಂತ ಗಾಬರಿಯಾಗಿ ಕರ್ಕೊಂಡು ಹೋದ್ವಲ್ಲ. ಬಸುರಿ ಹೆಂಗಸು, ಏನು ಹೇಳೋಕಾಗುತ್ತೆ? ಡಾಕ್ಟ್ರು ಏನೂ ಇಲ್ಲ ಅಂದ್ರು. ಅವನು ಅಲ್ಲಿಂದಾನೇ ಓಡಿದ್ದು ಬೋಟಿಗೆ. ಟೀ ಕೂಡ ಕುಡೀಲಿಲ್ಲ. ಅಪ್ಪ ಬೇರೆ, ನೀನು ಹೋಗು ಮಗಾ, ಬೋಟಿನ ಕೆಲಸ ನಾನು ನೋಡ್ಕೋತೀನಿ ಅಂದಿದ್ರು.”

“ನಂಗ್ಯಾಕೆ ಹೇಳಲಿಲ್ಲ?”

“ಅವನ ಹೆಸರೆತ್ತಿದ್ರೆ ನಿಮ್ಮ ಮುಖ ಬನ್ನಿನ ಹಾಗೆ ಊದುತ್ತೆ. ಯಾಕೆ ಹೇಳ್ಬೇಕು?”

ದೊಡ್ಡಳಿಯ ಕೈಯಲ್ಲಿದ್ದ ಅಂಗಿಯನ್ನು ಹಗ್ಗಕ್ಕೇ ಮತ್ತೆ ಹಾಕಿದ. ಬೋಟಿನ ಕೆಲಸ ನಾನು ನೋಡ್ಕೋತೀನಿ. ಹಾಗಾದರೆ ಕ್ಯಾನು ಎತ್ತಿದ ಕೈ ಮಾವನದು. ಅಷ್ಟು ದಪ್ಪನೆಯ ಕಪ್ಪು ಗೀಟು ಅವರಿಗೆ ಕಾಣಲಿಲ್ಲ. ಜೆಟ್ಟಿಯಲ್ಲಿ ಅವರು ಸಣ್ಣಳಿಯನ ಭುಜವನ್ನು ತಡಕಿದ್ದು ಈಗ ನೆನಪಾಯಿತು. ಅದು ಮುದ್ದು ಎಂದು ತಾನು ಉರಿದುಕೊಂಡಿದ್ದ.

ಕೆಳಗಿಳಿದು ಹೋದ. ಮಾವನ ಮುಂದೆ ಚಹಾದ ಲೋಟವಿತ್ತು. ಅವರು ಮೇಜಿನ ಮೇಲೆ ಅಂಗೈ ಸವರಿಕೊಂಡು ಹೋಗಿ ಲೋಟಕ್ಕೆ ಬೆರಳು ತಾಗಿದ ಮೇಲೆ ಹಿಡಿದುಕೊಂಡರು. ಎಷ್ಟು ದಿನದಿಂದ ಹೀಗೆ? ಎದುರಿಗೆ ಕೂತ ಸಣ್ಣಳಿಯ ಬಿಸ್ಕತ್ತಿನ ತಟ್ಟೆಯನ್ನು ಮಾತಿನ ನಡುವೆಯೇ ಅವರ ಕೈಗೆ ಸಿಗುವ ಜಾಗಕ್ಕೆ ಸರಿಸಿದ. ಅದು ಎಷ್ಟು ಸಹಜವಾಗಿತ್ತೆಂದರೆ ಅವನಿಗೆ ಅಭ್ಯಾಸವೇ ಆಗಿಹೋಗಿತ್ತೆಂದು ಗೊತ್ತಾಗುತ್ತಿತ್ತು. ತಾನು ಇಷ್ಟು ವರ್ಷ ಆ ಮನೆಯಲ್ಲಿದ್ದು ಕಾಣದಿದ್ದನ್ನು ಮೊನ್ನೆ ಬಂದವನು ಕಂಡಿದ್ದ. ನಾಚಿಕೆ ಬರಬೇಕಿತ್ತು. ನಾಚಿಕೆಗಿಂತ ಮೊದಲು ಹೊಟ್ಟೆಕಿಚ್ಚೇ ಬಂತು.

ಮರುದಿನ ಬೆಳಿಗ್ಗೆ ಇಂಜಿನ್ ಕೋಣೆಯಲ್ಲಿ ಷಡ್ಡಕನನ್ನು ಹಿಡಿದು ನಿಲ್ಲಿಸಿದ.

“ಯಾಕೆ ಸುಳ್ಳು ಹೇಳ್ದೆ?”

“ಯಾವ ಸುಳ್ಳು ಅಣ್ಣಾ?”

“ಆಸ್ಪತ್ರೆ ವಿಷಯ ಗೊತ್ತಾಯ್ತು.”

ಸಣ್ಣಳಿಯ ಏಣಿಯ ಕಡೆ ನೋಡಿ ದನಿ ತಗ್ಗಿಸಿದ. “ನೀವು ಬಾಟಲಿ ತೋರಿಸಿದಾಗಲೇ ನಂಗೂ ಹೊಳೆದಿದ್ದು. ಅಷ್ಟು ಜನ ನಿಂತಿದ್ರು. ಮಾವಂಗೆ ಗೊತ್ತಾದ್ರೆ ಮತ್ತೆ ಬೋಟ್ ಕಡೆ ತಲೆ ಹಾಕಲ್ಲ ಅನ್ನಿಸ್ತು. ಮನೇಲಿ ಗೋಡೆ ನೋಡ್ಕೊಂಡು ಕೂರ್ತಾರೆ. ಬೈಸ್ಕೊಳ್ಳೋದು ನಂಗೇನು ಹೊಸದಾ? ಬೇಕರೀಲಿ ದಿನಾ ಬೈಸ್ಕೊಂಡಿದ್ದೀನಿ.”

“ನಾನು ನಿಂಗೆ ಅಷ್ಟೆಲ್ಲ ಅಂದೆ. ಸಿಟ್ಟು ಬರ್ಲಿಲ್ವಾ?”

“ಬಂತು. ಊಟ ಮಾಡಿದ ಮೇಲೆ ಹೋಯ್ತು.”

ದೊಡ್ಡಳಿಯ ಅವನ ಮುಖವನ್ನು ದಿಟ್ಟಿಸಿದ. ಎಲ್ಲಾದರೂ ಒಂದು ಚೂರು ಕಿಲುಬು ಸಿಗಬಹುದೆಂದು ಹುಡುಕಿದ. ಸಿಗಲಿಲ್ಲ. ಮಾವನ ಪ್ರೀತಿ ಇವನಿಗೆ, ಜನರ ಚಪ್ಪಾಳೆ ಇವನಿಗೆ. ಈಗ ನೋಡಿದರೆ ಮಾವನ ಮಾನ ಉಳಿಸಿದ ಪುಣ್ಯವೂ ಇವನಿಗೇ. ತಾನು ಗೆದ್ದೆನೆಂದು ಬೀಗಿದ್ದು ಇವನು ಬಿಟ್ಟುಕೊಟ್ಟದ್ದರಿಂದ. ಅದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಆವತ್ತು ಸಂಜೆ ಎಲ್ಲರೂ ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ದೊಡ್ಡಳಿಯ ಇದ್ದಕ್ಕಿದ್ದಂತೆ ಹೇಳಿದ: “ಮಾವ, ಆ ಡೀಸೆಲ್ ವಿಷಯ. ತಪ್ಪು ಇವನದಲ್ಲ, ನಂದು. ಹಿಂದಿನ ದಿನ ಸಂಜೆ ಟ್ಯಾಂಕಿಗೆ ಆ ಕ್ಯಾನ್ ಸುರಿದೋನು ನಾನೇ. ಆಮೇಲೆ ಗೊತ್ತಾಯ್ತು, ಹೇಳೋಕೆ ಬಾಯಿ ಬರ್ಲಿಲ್ಲ.”

ಹೇಳುವಾಗ ಅವನು ಮಾವನನ್ನು ನೋಡಲಿಲ್ಲ, ಷಡ್ಡಕನನ್ನೇ ನೋಡುತ್ತಿದ್ದ. ಈ ಒಂದನ್ನಾದರೂ ನಿನ್ನ ಕೈಯಿಂದ ಕಿತ್ತುಕೊಂಡೆ ಎನ್ನುವಂತಿತ್ತು ಆ ನೋಟ. ಸಣ್ಣಳಿಯನ ಕೈತುತ್ತು ಬಾಯ ಹತ್ತಿರವೇ ನಿಂತಿತು. ದೊಡ್ಡಳಿಯನ ಹೆಂಡತಿ ಗಂಡನನ್ನು ಬಾಯಿಬಿಟ್ಟುಕೊಂಡು ನೋಡಿದಳು.

ಮಾವ ತಟ್ಟೆಯನ್ನು ಹಿಂದಕ್ಕೆ ತಳ್ಳಿದರು.

“ಬುದ್ಧಿ ಇದೆಯೇನೋ ನಿಂಗೆ? ನೀನೇ ಮಾಡಿ, ನೀನೇ ಬಾಟಲಿ ಹಿಡ್ಕೊಂಡು ಬಂದು, ಜನರ ಮುಂದೆ ಇವನ ಮರ್ಯಾದೆ ತೆಗೆದ್ಯಾ? ನನ್ನ ಕೈಯಲ್ಲಿ ಕಲಿತೋನು ನೀನು! ನಾಚಿಕೆಯಾಗಲ್ವಾ ನಿಂಗೆ?”

ಇಷ್ಟು ವರ್ಷಗಳಲ್ಲಿ ಮೊದಲನೆಯ ಸಲ ಮಾವ ‘ನೀನು’ ಅಂದಿದ್ದರು. ಒಂದೇ ಉಸಿರಿಗೆ ಎಷ್ಟೋ ಸಲ ಅಂದಿದ್ದರು. ದೊಡ್ಡಳಿಯನ ಕಿವಿ ಬಿಸಿಯಾಯಿತು. ಬೈಗುಳಕ್ಕೆ ತಲೆ ತಗ್ಗಿಸಿದನೋ, ತುಟಿಯಂಚಿಗೆ ಬಂದ ನಗು ಮುಚ್ಚಲು ತಗ್ಗಿಸಿದನೋ ಅವನಿಗೇ ತಿಳಿಯಲಿಲ್ಲ. ನನ್ನ ಕೈಯಲ್ಲಿ ಕಲಿತೋನು. ಆ ಮಾತನ್ನು ಅವನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ.

ಅಷ್ಟರಲ್ಲಿ ಮಾವ ಸಣ್ಣಳಿಯನ ಕಡೆ ತಿರುಗಿದರು. ದನಿ ಮೆತ್ತಗಾಯಿತು. “ನೀನು ಗೊತ್ತಿದ್ದೂ ಸುಮ್ಮನಿದ್ದೆ. ಇವನ ಮಾನ ಉಳಿಸೋಕೆ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೊಂಡೆ. ನಿನ್ನಂಥ ಮನಸ್ಸು ಯಾರಿಗಿದೆಯೋ ಮಗಾ!”

ದೊಡ್ಡಳಿಯನ ತುಟಿಯಂಚಿನ ನಗು ಇದ್ದಲ್ಲೇ ಒಣಗಿತು. ಹೇಗೆ ಎಸೆದರೂ ಪುಣ್ಯದ ಚೆಂಡು ಆ ಮನುಷ್ಯನ ಮಡಿಲಿಗೇ ಹೋಗಿ ಬೀಳುತ್ತಿತ್ತು. ಸಣ್ಣಳಿಯ ನಗು ತಡೆಯಲಾಗದೆ ಕೆಮ್ಮು ಬಂದಂತೆ ಮಾಡಿ ಎದ್ದು ಕೈ ತೊಳೆಯಲು ಹೋದ. ನಲ್ಲಿಯ ಸದ್ದಿನ ಜೊತೆಗೂ ಆ ನಗು ಕೇಳಿಸುತ್ತಿತ್ತು. ದೊಡ್ಡಳಿಯನ ಹೆಂಡತಿ ಗಂಡನ ತಟ್ಟೆಗೆ ಇನ್ನಷ್ಟು ಬಡಿಸಿ, “ತಿನ್ನಿ, ಸುಸ್ತಾಗಿರುತ್ತೆ,” ಎಂದಳು.

ಮರುದಿನ ಮೊದಲ ಟ್ರಿಪ್ಪಿಗೆ ಮುಂಚೆ ಮಾವ ಜೆಟ್ಟಿಗೆ ಬಂದರು. ಸಣ್ಣಳಿಯ ಇನ್ನೂ ಬಂದಿರಲಿಲ್ಲ. ದೊಡ್ಡಳಿಯ ಇಂಜಿನ್ ಕೋಣೆಯ ಬಾಗಿಲಲ್ಲಿ ಕೂತು ಹಳೆಯ ಫಿಲ್ಟರಿನ ಬಟ್ಟಲು ಒರೆಸುತ್ತಿದ್ದ. ಮಾವ ಬೋಟಿಗೆ ಕಾಲಿಡಲು ಹಲಗೆಯನ್ನು ಕೋಲಿನಿಂದ ತಟ್ಟಿ ನೋಡಿ ಹತ್ತಿದರು. ಪಕ್ಕದಲ್ಲಿ ಬಂದು ಕೂತರು.

“ರಾತ್ರಿ ಯೋಚನೆ ಮಾಡ್ತಾ ಇದ್ದೆ,” ಎಂದರು. “ಭಾನುವಾರ ಸಂಜೆ ನೀನು ಸುರಿದಿದ್ರೆ ಕೊನೇ ಟ್ರಿಪ್ಪಿನಲ್ಲೇ ಬೋಟ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬೆಳಿಗ್ಗೆ ಕ್ಯಾನ್ ಹಾಕಿದ್ದು ನಾನು; ಆಮೇಲೆ ಅವನೂ ಬಂದು ಒಂದು ಹಾಕಿರ್ಬೇಕು ಅಂದ್ಕೊಂಡಿದ್ದೆ. ಆಸ್ಪತ್ರೆಯಿಂದ ಓಡಿಬಂದೋನಿಗೆ ಅದಕ್ಕೆಲ್ಲಿ ಹೊತ್ತಿತ್ತು? ಒಂದು ತಪ್ಪಿಗೆ ಇಬ್ಬರು ಬಂದು ನಂದು ನಂದು ಅಂತೀರಿ. ಇನ್ನು ಉಳಿದೋನು ಒಬ್ಬನೇ.”

ದೊಡ್ಡಳಿಯ ಬಟ್ಟಲನ್ನು ತಿರುಗಿಸಿ ಇನ್ನೊಂದು ಸಲ ಒರೆಸಿದ.

“ನಾನಾ?” ಮಾವ ಕೇಳಿದರು.

“ಅವನನ್ನೇ ಕೇಳಬಹುದಿತ್ತಲ್ಲ ಮಾವ.”

“ಅವನು ಇಲ್ಲ ಅಂತಾನೆ. ನಂಬೋ ಹಾಗೆ ಹೇಳ್ತಾನೆ. ನಗಿಸಿ ಕಳಿಸ್ತಾನೆ. ನಿಂಗೆ ಸುಳ್ಳು ಹೇಳೋಕೆ ಬರಲ್ಲ. ನಿನ್ನೆ ಹೇಳ್ದೆಯಲ್ಲ, ಎಷ್ಟು ಕೆಟ್ಟದಾಗಿ ಹೇಳ್ದೆ! ಆ ಹೊತ್ತಿಗೆ ಸಿಟ್ಟಿನಲ್ಲಿ ನಂಬಿದೆ, ಮಲಗೋ ಹೊತ್ತಿಗೆ ನಂಬಿಕೆ ಹೋಯ್ತು. ನಿಜ ಬೇಕು ಅಂತಾನೇ ನಿನ್ನ ಹತ್ರ ಬಂದಿದ್ದೀನಿ.”

ದೊಡ್ಡಳಿಯ ಬಟ್ಟಲನ್ನು ಕೆಳಗಿಟ್ಟ. ಎಷ್ಟೋ ವರ್ಷದಿಂದ ಬಯಸಿದ್ದ ಜಾಗ ಇದೇ ಇರಬೇಕು. ಸಿಕ್ಕ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಮಾತ್ರ ಬಹಳ ಕಹಿಯಾಗಿತ್ತು.

“ಹೌದು ಮಾವ,” ಎಂದ. “ನೀವೇ. ಗೀಟು ನಿಮಗೆ ಕಂಡಿಲ್ಲ.”

ಮಾವ ಹೊಳೆಯ ಕಡೆ ಮುಖ ಮಾಡಿ ಕೂತರು. ಅವರು ಏನು ನೋಡುತ್ತಿದ್ದರೋ, ಅವರಿಗೆ ಎಷ್ಟು ಕಾಣುತ್ತಿತ್ತೋ. “ಆ ದಡ ಮಂಜು ಮಂಜಾಗಿ ಶುರುವಾಗಿ ತುಂಬ ದಿನ ಆಯ್ತು,” ಎಂದರು ಕೊನೆಗೆ. “ಹವಾ ಹಾಗಿದೆ ಅಂದ್ಕೊಂಡೆ. ಅಷ್ಟು ಜನ ಕೂತಿದ್ರು ಬೋಟಲ್ಲಿ. ಹಡಗಿನ ದಾರಿ ಎಷ್ಟು ಹತ್ರ ಇತ್ತು?”

“ಲಂಗರು ಹಿಡೀತು ಮಾವ. ಅವನು ಬೇಗ ಬಿಟ್ಟ.” ಷಡ್ಡಕನ ಪರವಾಗಿ ಈ ಒಂದು ಮಾತು ಅವನ ಬಾಯಿಂದ ತಾನಾಗಿಯೇ ಬಂತು. ಬಂದ ಮೇಲೆ ಅವನಿಗೇ ಆಶ್ಚರ್ಯವಾಯಿತು. “ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ. ಪೊರೆ ಆಗಿರಬಹುದು. ತೆಗೀತಾರೆ.”

“ಮುದುಕನ ಕಣ್ಣಿಗೆ ಕತ್ತರಿ ಹಾಕಿಸ್ತೀಯಾ?”

“ಇಂಜಿನ್ ಬಿಚ್ಚೋಕೆ ಹೆದರದ ಕೈ ನಿಮ್ಮದು. ಇದಕ್ಕೆ ಹೆದರ್ತೀರಾ?”

ಮಾವ ನಕ್ಕರು. ದೊಡ್ಡಳಿಯ ಅವರನ್ನು ನಗಿಸಿದ್ದು ಅದೇ ಮೊದಲು. ತಾನು ಹೇಳಿದ್ದರಲ್ಲಿ ನಗುವಂಥದ್ದು ಏನಿತ್ತೆಂದು ಅವನು ಆಮೇಲೂ ಬಹಳ ಹೊತ್ತು ಯೋಚಿಸಿದ.

ಡಾಕ್ಟರು ಪೊರೆಯೇ ಎಂದರು. ಆಪರೇಷನ್ನಿನ ದಿನ ಒಬ್ಬರು ಬೋಟಿನಲ್ಲಿರಬೇಕು, ಒಬ್ಬರು ಆಸ್ಪತ್ರೆಯಲ್ಲಿರಬೇಕು. ಬೇಕರಿಯ ಗೆಳೆಯರಿಂದ ವ್ಯಾನ್ ತಂದವನು ಸಣ್ಣಳಿಯ. ಹಾಗಾಗಿ ಅವನೇ ಮಾವನನ್ನು ಕರೆದುಕೊಂಡು ಹೋದ. ದೊಡ್ಡಳಿಯ ಇಂಜಿನ್ನಿಗೆ ಪಕ್ಕದ ಬೋಟಿನವನನ್ನು ಕೂರಿಸಿ, ತಾನು ಚುಕ್ಕಾಣಿಗೆ ನಿಂತ. ಚುಕ್ಕಾಣಿ ಕೈಗೆ ಸಿಕ್ಕ ದಿನವೇ ಅವನ ಮನಸ್ಸೆಲ್ಲ ಆಸ್ಪತ್ರೆಯ ವರಾಂಡದಲ್ಲಿತ್ತು. ಬುಟ್ಟಿಯ ಅಜ್ಜಿ ಹತ್ತುವಾಗ, “ಇವತ್ತು ಸೀಟಿ ಹೊಡೆಯೋನು ಇಲ್ವಾ?” ಎಂದು ಕೇಳಿದಳು. “ನಂಗೆ ಸೀಟಿ ಬರಲ್ಲಜ್ಜಿ, ಕೈ ಕೊಡಿ,” ಎಂದು ಅವಳ ಬುಟ್ಟಿ ಇಳಿಸಿಕೊಂಡ.

ಪಟ್ಟಿ ಬಿಚ್ಚುವ ದಿನವೂ ಟ್ರಿಪ್ಪು ಬಿಡುವಂತಿರಲಿಲ್ಲ. ಸಂಜೆ ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಹೆಂಡತಿಯನ್ನು ಕೇಳಿದ: “ಕಣ್ಣು ಬಿಟ್ಟಾಗ ಮೊದಲು ಯಾರ ಮುಖ ನೋಡಿದ್ರಂತೆ?”

“ನರ್ಸಮ್ಮನ ಮುಖ,” ಎಂದಳು ಅವಳು. “ಈಗ ಅವಳ ಮೇಲೂ ಹೊಟ್ಟೆಕಿಚ್ಚು ಪಡ್ತೀರಾ?”

ಅವನಿಗೆ ನಿಜವಾಗಿಯೂ ಸಮಾಧಾನವಾಯಿತು. ಅದಕ್ಕೆ ನಾಚಿಕೆಯೂ ಆಯಿತು.

ವಾರ ಕಳೆದ ಮೇಲೆ ಮಾವ ಕಪ್ಪು ಕನ್ನಡಕ ಹಾಕಿಕೊಂಡು ಬೋಟಿಗೆ ಬಂದರು. ಇಂಜಿನ್ ಕೋಣೆಗೆ ಇಳಿದು, ಕನ್ನಡಕ ತೆಗೆದು ಸುತ್ತ ನೋಡಿದರು. “ಇದೇನು ಕೊಳಕು! ಆ ಪೈಪಿನ ಹಿಂದೆ ನೋಡು, ಈ ಮೂಲೆ ನೋಡು. ಇಬ್ಬರೂ ಸೇರಿ ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣೆರಚಿದ್ರಾ?” ಎಂದು ಶುರುಮಾಡಿದರು. ಮೇಲಿನಿಂದ ಸಣ್ಣಳಿಯ ತಲೆ ಹಾಕಿ, “ಮಾವ, ಮೊದಲಿದ್ದ ಕಣ್ಣೇ ಚೆನ್ನಾಗಿತ್ತು,” ಎಂದ. “ಬಾಯಿ ಮುಚ್ಚು, ಕೆಳಗೆ ಬಾ, ಬಟ್ಟೆ ತಗೊಂಡು ಬಾ,” ಎಂದರು ಮಾವ. ಆಮೇಲೆ ದೊಡ್ಡಳಿಯನ ಮುಖದ ಮೇಲೆ ಅವರ ನೋಟ ನಿಂತಿತು. ಟಾರ್ಚನ್ನು ಅವನ ತಲೆಯ ಕಡೆ ಎತ್ತಿ ಹಿಡಿದರು.

“ಇದ್ಯಾವಾಗ ಇಷ್ಟು ನರೆತುಬಿಡ್ತು?”

“ಯಾವಾಗಲೋ ಆಯ್ತು ಮಾವ.”

ಮಾವ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಸಣ್ಣಳಿಯ ಬಟ್ಟೆ ಹಿಡಿದು ಏಣಿ ಇಳಿದು ಬಂದು ಇಬ್ಬರ ನಡುವೆ ತೂರಿಕೊಂಡ. ದೊಡ್ಡಳಿಯನಿಗೆ ಹಳೆಯ ಉರಿ ಚುರ್ ಎಂದಿತು. ಆದರೂ ಜಾಗ ಚಿಕ್ಕದು. ಸ್ವಲ್ಪ ಸರಿದು, ಪೈಪಿನ ಹಿಂದಿನ ಕೊಳಕು ಮೂಲೆಯನ್ನು ಷಡ್ಡಕನ ಉದ್ದ ಕೈಗೆ ಬಿಟ್ಟುಕೊಟ್ಟ.